ಮಣ್ಣಿನ ತೇವದ ಸೆನ್ಸರ್: ಕರಾವಳಿಯ ಮುರಮಣ್ಣಿನಲ್ಲಿ ಯಾವುದು ಬಾಳುತ್ತದೆ, ಮಳೆಯ ಬಗ್ಗೆ ಎಷ್ಟು ಹೇಳುತ್ತದೆ

ಉಡುಪಿ, ದಕ್ಷಿಣ ಕನ್ನಡದ ತೋಟಗಳಿಗೆ ಈಗ ಮಣ್ಣಿನ ತೇವ ತಿಳಿಯಲು ನಾಲ್ಕು ದಾರಿಗಳಿವೆ. ಆನ್‌ಲೈನ್‌ನಲ್ಲಿ ನೂರು, ನೂರೈವತ್ತು ರೂಪಾಯಿಗೆ ಸಿಗುವ ಕೆಪ್ಯಾಸಿಟಿವ್ ಸೆನ್ಸರ್. ಬೇರಿಗೆ ನೀರೆಳೆಯಲು ಎಷ್ಟು ಕಷ್ಟ ಎಂದು ತೋರಿಸುವ, ಸಾವಿರಗಳ ಲೆಕ್ಕದ ಟೆನ್ಸಿಯೋಮೀಟರ್. ಸೆನ್ಸರಿನ ಜೊತೆ ಗಾಳಿಯ ಒತ್ತಡ, ಆರ್ದ್ರತೆ ಎಲ್ಲ ಸೇರಿಸಿ ‘ಮಳೆ ಮುನ್ಸೂಚನೆ ಸಹಿತ’ ಎಂದು ಮಾರುವ ಕಿಟ್‌ಗಳು. ಮತ್ತೆ ಮೊಬೈಲ್‌ನಲ್ಲಿ ಪುಕ್ಕಟೆ ನೋಡಬಹುದಾದ ಉಪಗ್ರಹ ನಕ್ಷೆ. ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ನೀರು ಯಾವಾಗ ಬಿಡಬೇಕು ಎಂದು ತಿಳಿಯಲು ಟೆನ್ಸಿಯೋಮೀಟರಿಗೆ ಸಾಟಿ ಇಲ್ಲ. ಕೆಪ್ಯಾಸಿಟಿವ್ ಸೆನ್ಸರನ್ನು ನೋಡಿ ಆರಿಸಿ, ಅಂಚು ಸೀಲ್ ಮಾಡಿ, ನಿಮ್ಮದೇ ಮಣ್ಣಿಗೆ ಹೊಂದಿಸಿಕೊಂಡರೆ ಕೊಟ್ಟ ಹಣಕ್ಕೆ ಮೋಸವಿಲ್ಲ. ಕಿಟ್‌ನ ಮಳೆ ಮುನ್ಸೂಚನೆಗೆಂದು ಒಂದು ರೂಪಾಯಿಯನ್ನೂ ಹೆಚ್ಚು ಕೊಡಬೇಡಿ. ನೆಲದ ತೇವಕ್ಕೂ ಮಳೆಗೂ ಸಂಬಂಧ ಇದೆ, ಗಟ್ಟಿ ಸಂಬಂಧವೇ ಇದೆ. ಆದರೆ ಒಂದು ತೋಟದಲ್ಲಿ ನೆಟ್ಟ ಒಂದು ಕಡ್ಡಿಗೆ ಅದು ಗೊತ್ತಾಗುವುದಿಲ್ಲ. ಯಾಕೆ ಎಂಬುದನ್ನು ಮುಂದೆ ವಿವರವಾಗಿ ಬರೆದಿದ್ದೇವೆ.

ಎರಡು ಕಾಲಿನ, ನಿಕ್ಕಲ್ ಬಣ್ಣದ ರೆಸಿಸ್ಟಿವ್ ಸೆನ್ಸರ್ ಬಗ್ಗೆ ಹೆಚ್ಚು ಮಾತು ಬೇಡ. ಅದರ ಜೊತೆ ಎಲ್‌ಎಂ393 ಚಿಪ್ ಇರುವ ಚಿಕ್ಕ ಬೋರ್ಡ್ ಬರುತ್ತದೆ. ಒದ್ದೆ ಮಣ್ಣಿನಲ್ಲಿ ನೇರ ವಿದ್ಯುತ್ ಹರಿದಾಗ ಒಂದು ಕಾಲಿನ ಲೋಹ ಕರಗಿ ಹೋಗುತ್ತದೆ. ಸದಾ ಚಾಲೂ ಇಟ್ಟರೆ ಕೆಲವೇ ವಾರಗಳಲ್ಲಿ ತಾಮ್ರದ ಗೆರೆ ತುಂಡಾಗುತ್ತದೆ. ಪೊಟ್ಯಾಶ್ ಹಾಕಿದ ಮರುದಿನ ಮಣ್ಣು ಒಣಗಿದ್ದರೂ ‘ಒದ್ದೆ’ ಎನ್ನುತ್ತದೆ, ಯಾಕೆಂದರೆ ಅದು ಅಳೆಯುವುದು ನೀರನ್ನಲ್ಲ, ಉಪ್ಪು ಕರಗಿದ ನೀರಿನಲ್ಲಿ ಕರೆಂಟ್ ಹರಿಯುವುದನ್ನು. ಶಾಲೆಯ ವಿಜ್ಞಾನ ಮೇಳಕ್ಕೆ ಸಾಕು, ತೋಟಕ್ಕೆ ಬೇಡ.

ಕೆಪ್ಯಾಸಿಟಿವ್ ಸೆನ್ಸರ್, ಆವೃತ್ತಿ 1.2 (ವಿ 1.2)

ಕಪ್ಪು ಬಣ್ಣದ, ಮೂರು ತಂತಿಯ, ಚಪ್ಪಟೆ ಕತ್ತಿಯಂಥ ಬೋರ್ಡ್ ಇದು. ಕೆಲಸ ಮಾಡುವ ತತ್ವ ಒಳ್ಳೆಯದು. ನೀರಿನ ಡೈಎಲೆಕ್ಟ್ರಿಕ್ ಸ್ಥಿರಾಂಕ (ವಿದ್ಯುತ್ ಚಾರ್ಜ್ ಹಿಡಿದಿಡಲು ಒದಗುವ ಗುಣದ ಅಳತೆ) ಸುಮಾರು 80, ಒಣ ಮಣ್ಣಿನದು 3ರಿಂದ 5, ಗಾಳಿಯದು 1. ಹಾಗಾಗಿ ಮಣ್ಣಿನಲ್ಲಿ ನೀರು ಹೆಚ್ಚಿದಂತೆ ಬೋರ್ಡಿನ ಕೆಪ್ಯಾಸಿಟೆನ್ಸ್ (ಚಾರ್ಜ್ ಹಿಡಿದಿಡುವ ಶಕ್ತಿ) ಏರುತ್ತದೆ, ಹೊರಗೆ ಬರುವ ವೋಲ್ಟೇಜ್ ಇಳಿಯುತ್ತದೆ. ಅಂದರೆ ಒಣಗಿದ್ದಾಗ ಹೆಚ್ಚು ಅಂಕಿ, ಒದ್ದೆ ಇದ್ದಾಗ ಕಡಿಮೆ ಅಂಕಿ. ಇದನ್ನು ತಿರುವುಮುರುವಾಗಿ ತಿಳಿದುಕೊಂಡು ಪಂಪ್ ಚಾಲೂ ಮಾಡುವ ಸ್ವಿಚ್ (ರಿಲೇ) ಜೋಡಿಸಿದರೆ ಮಳೆಯಲ್ಲೇ ನೀರು ಬಿಡುತ್ತದೆ.

ತೊಂದರೆ ಇರುವುದು ತಯಾರಿಕೆಯಲ್ಲಿ. ಒಂದೇ ಹೆಸರಿನಲ್ಲಿ, ಒಂದೇ ಬಣ್ಣದಲ್ಲಿ ಬೇರೆ ಬೇರೆ ಗುಣಮಟ್ಟದ ಬೋರ್ಡ್‌ಗಳು ಬರುತ್ತವೆ. ಕೈಗೆ ಬಂದ ಕೂಡಲೇ ಭೂತಗನ್ನಡಿ ಹಿಡಿದು ನೋಡಬೇಕಾದದ್ದು ಇಷ್ಟು. ಎಂಟು ಕಾಲಿನ ಚಿಪ್ ಮೇಲೆ ಟಿಎಲ್‌ಸಿ555 ಎಂದಿದ್ದರೆ ಒಳ್ಳೆಯದು, 3.3 ವೋಲ್ಟ್‌ನಲ್ಲೂ ಸರಿಯಾಗಿ ಓಡುತ್ತದೆ. ಎನ್‌ಇ555 ಎಂದಿದ್ದರೆ ಅದಕ್ಕೆ 4.5 ವೋಲ್ಟ್‌ಗಿಂತ ಹೆಚ್ಚು ಬೇಕು, 3.3 ವೋಲ್ಟ್ ಕೊಟ್ಟರೆ ಅಂಕಿ ಬರುತ್ತದೆ, ಆದರೆ ನಂಬುವ ಹಾಗಿಲ್ಲ. ಅದರ ಪಕ್ಕ ಮೂರು ಕಾಲಿನ ಸಣ್ಣ ತುಂಡಿನ ಮೇಲೆ 662ಕೆ ಎಂಬ ಗುರುತು ಇರಬೇಕು. ಅದು ವೋಲ್ಟೇಜ್ ಸ್ಥಿರವಾಗಿಡುವ ರೆಗ್ಯುಲೇಟರ್. ಕೆಲವು ಬೋರ್ಡ್‌ಗಳಲ್ಲಿ ಅದನ್ನು ಹಾಕದೆ ಒಂದು ಜಂಪರ್ ಬೆಸೆದಿರುತ್ತಾರೆ. ಅಂಥದ್ದರಲ್ಲಿ ಬ್ಯಾಟರಿ ಇಳಿದಂತೆ ಅಂಕಿಯೂ ಇಳಿಯುತ್ತದೆ, ಮಣ್ಣು ಒದ್ದೆಯಾಗುತ್ತಿದೆ ಎಂದು ಭ್ರಮೆ ಹುಟ್ಟುತ್ತದೆ.

ಮೂರನೆಯ ದೋಷ ಕಣ್ಣಿಗೆ ಕಾಣುವುದಿಲ್ಲ, ಮಲ್ಟಿಮೀಟರ್ ಬೇಕು. ವಿದ್ಯುತ್ ಸಂಪರ್ಕ ಇಲ್ಲದಾಗ ಔಟ್‌ಪುಟ್ ಪಿನ್ ಮತ್ತು ಗ್ರೌಂಡ್ ಪಿನ್ ನಡುವೆ ರೋಧ ಅಳೆಯಿರಿ. ಸುಮಾರು 1 ಮೆಗಾಓಮ್ ತೋರಿಸಿದರೆ ಸರಿ. ಏನೂ ತೋರಿಸದಿದ್ದರೆ 1 ಮೆಗಾಓಮ್ ರೆಸಿಸ್ಟರಿನ ಒಂದು ತುದಿ ಗ್ರೌಂಡಿಗೆ ತಾಗಿಯೇ ಇಲ್ಲ. ಅಂಥ ಬೋರ್ಡನ್ನು ನೀರಿಗೆ ಅದ್ದಿ ತೆಗೆದರೆ ಅಂಕಿ ತಕ್ಷಣ ಬದಲಾಗದೆ ನಿಧಾನವಾಗಿ ತೆವಳುತ್ತದೆ. ಹೊರಗಿನಿಂದ ಒಂದು 1 ಮೆಗಾಓಮ್ ರೆಸಿಸ್ಟರನ್ನು ಆ ಎರಡು ಪಿನ್‌ಗಳ ನಡುವೆ ಬೆಸೆದರೆ ರಿಪೇರಿ ಆದಂತೆಯೇ. ಹತ್ತು ಬೇಕಿದ್ದರೆ ಹದಿನೈದು ತರಿಸಿ, ಪರೀಕ್ಷಿಸಿ ಒಳ್ಳೆಯದನ್ನು ಇಟ್ಟುಕೊಳ್ಳುವುದು ಈ ಬೆಲೆಗೆ ಸರಿಯಾದ ಕ್ರಮ.

ನಮ್ಮ ಕರಾವಳಿಯಲ್ಲಿ ಇದು ಸಾಯುವುದು ಅಂಚಿನಿಂದ. ಬೋರ್ಡಿನ ಮುಖಕ್ಕೆ ಬಣ್ಣದ ಪದರ ಇದೆ, ಕತ್ತರಿಸಿದ ಅಂಚಿಗೆ ಇಲ್ಲ. ಅಲ್ಲಿಂದ ನೀರು ಗ್ಲಾಸ್ ಫೈಬರಿನ ಒಳಗೆ ಹೀರಿಕೊಂಡು ಹೋಗುತ್ತದೆ, ಜೂನ್ ಮುಗಿಯುವ ಹೊತ್ತಿಗೆ ಶಾಶ್ವತವಾಗಿ ‘ಒದ್ದೆ’. ಅದನ್ನು ಹುಗಿಯುವ ಮೊದಲು ಅಂಚುಗಳಿಗೆ ಎರಡು ಕೋಟ್ ಎಪಾಕ್ಸಿ ಹಚ್ಚಿ, ಒಂದು ಕೋಟ್ ಒಣಗಿದ ಮೇಲೆ ಇನ್ನೊಂದು. ನೈಲ್ ಪಾಲಿಶ್ ಹಚ್ಚುವವರಿದ್ದಾರೆ. ಬೇಸಿಗೆ ಒಂದಕ್ಕೆ ಸಾಕು, ಮಳೆಗಾಲ ದಾಟುವುದು ಕಷ್ಟ. ಮೇಲ್ಭಾಗದ ಬಿಡಿಭಾಗಗಳಿಗೆ ಎಪಾಕ್ಸಿ ಸುರಿದು, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಕೊಳವೆ ಹಾಕಿ. ಬಿಳಿ ಗೆರೆಯಿಂದ ಕೆಳಗಿನ ಭಾಗಕ್ಕೆ ದಪ್ಪ ಪದರ ಬೇಡ, ಅಳೆಯುವ ಶಕ್ತಿ ಕುಂದುತ್ತದೆ. ಸೀಲ್ ಮಾಡಿದ ಮೇಲೆಯೇ ಮಾಪನ ಹೊಂದಿಸಬೇಕು, ಮೊದಲಲ್ಲ.

ಮಾಪನ ಹೊಂದಿಸುವುದೆಂದರೆ ಗಾಳಿಯಲ್ಲಿ ಹಿಡಿದು 0, ಲೋಟದ ನೀರಿಗೆ ಅದ್ದಿ 100 ಎಂದು ಬರೆದುಕೊಳ್ಳುವುದು ಅಲ್ಲ. ಹೆಚ್ಚಿನ ವಿಡಿಯೋಗಳು ಹೇಳಿಕೊಡುವುದು ಅದನ್ನೇ, ಅದರಿಂದ ಸಿಗುವ ಶೇಕಡಾವಾರಿಗೆ ಅರ್ಥವಿಲ್ಲ. ತೋಟದ ಮಣ್ಣು ತಂದು, ಬೆಣಚು ಮತ್ತು ಮುರಕಲ್ಲಿನ ಚೂರು ಜರಡಿ ಹಿಡಿದು ಬೇರೆ ಇಡಿ. ಮಣ್ಣನ್ನು ಬಿಸಿಲಿಗೆ ಹರವಿ, ಆಮೇಲೆ ದಪ್ಪ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಮಗುಚುತ್ತಾ, ತೂಕ ಇಳಿಯುವುದು ನಿಲ್ಲುವ ತನಕ ಒಣಗಿಸಿ. ಪ್ರಯೋಗಾಲಯದಲ್ಲಿ 105 ಡಿಗ್ರಿಯಲ್ಲಿ 24 ಗಂಟೆ ಇಡುತ್ತಾರೆ. ಮನೆಯಲ್ಲಿ ಸೊಪ್ಪಿನ ಚೂರು ಸುಟ್ಟ ವಾಸನೆ ಬಂದರೆ ಉರಿ ಹೆಚ್ಚಾಯಿತು ಎಂದು ತಿಳಿಯಿರಿ. 2.6 ಕಿಲೋ ಒಣ ಮಣ್ಣನ್ನು 2 ಲೀಟರಿನ ಡಬ್ಬಿಗೆ ಸಮನಾಗಿ ತುಂಬಿಸಿದರೆ ಲೀಟರಿಗೆ 1.3 ಕಿಲೋ ಸಾಂದ್ರತೆ. ಆ ಒಣ ಮಣ್ಣಿನಲ್ಲಿ ಒಮ್ಮೆ ಸೆನ್ಸರ್ ಚುಚ್ಚಿ ಓದಿ. ಮಣ್ಣು ಹೊರಗೆ ಸುರಿದು 200 ಮಿ.ಲೀ. ನೀರು ಚಿಮುಕಿಸಿ ಕಲಸಿ, ಮತ್ತೆ ಅದೇ ಡಬ್ಬಿಗೆ ಅದೇ ಗುರುತಿನ ತನಕ ಒತ್ತಿ ತುಂಬಿ, ಮುಚ್ಚಿ ಒಂದು ರಾತ್ರಿ ಇಡಿ. ಅದು 10 ಶೇಕಡಾ. ಹೀಗೆ 20, 30, 40ರ ತನಕ ಹೋದರೆ ಐದು ಬಿಂದುಗಳ ಗ್ರಾಫ್ ಸಿಗುತ್ತದೆ. ಅದು ನೇರ ಗೆರೆ ಆಗಿರುವುದಿಲ್ಲ, ಒದ್ದೆಯ ಕಡೆ ಚಪ್ಪಟೆಯಾಗುತ್ತದೆ. ಪ್ರತಿ ಸೆನ್ಸರಿಗೂ ಬೇರೆ ಗ್ರಾಫ್ ಬೇಕು.

ಬೇರೆ ಇಟ್ಟ ಕಲ್ಲನ್ನು ಮರೆಯಬಾರದು, ಕರಾವಳಿಯ ಲೆಕ್ಕ ತಪ್ಪುವುದೇ ಅಲ್ಲಿ. ಒಂದು ಬಕೆಟ್ ನೀರಿಗೆ ಕಲ್ಲು ಹಾಕಿ ಎಷ್ಟು ನೀರು ಮೇಲೇರಿತು ನೋಡಿದರೆ ಅದರ ಗಾತ್ರ ಗೊತ್ತಾಗುತ್ತದೆ. ನೆಲದ ಗಾತ್ರದಲ್ಲಿ 30 ಶೇಕಡಾ ಕಲ್ಲು ಇದ್ದು, ನಯ ಮಣ್ಣಿನಲ್ಲಿ ಸೆನ್ಸರ್ 30 ಶೇಕಡಾ ತೇವ ತೋರಿಸಿದರೆ, ಇಡೀ ನೆಲದ ತೇವ 0.7ರಿಂದ ಗುಣಿಸಿದಾಗ ಬರುವ 21 ಶೇಕಡಾ ಮಾತ್ರ. ಮುರಕಲ್ಲಿನ ತೂತುಗಳಲ್ಲಿ ಸ್ವಲ್ಪ ನೀರು ನಿಲ್ಲುವುದು ನಿಜ, ಅದನ್ನು ಬೇರು ಎಳೆದುಕೊಳ್ಳುವುದು ಕಡಿಮೆ.

ನೆಡುವಾಗ ಮೇಲಿನಿಂದ ಸುತ್ತಿಗೆಯಲ್ಲಿ ಬಡಿಯಬೇಡಿ. ಗುಂಡಿ ತೆಗೆದು, ಗುಂಡಿಯ ಗೋಡೆಯಲ್ಲಿ 30 ಸೆಂ.ಮೀ. ಮತ್ತು 60 ಸೆಂ.ಮೀ. ಆಳದಲ್ಲಿ ಅಡ್ಡಲಾಗಿ, ಕತ್ತಿಯ ಅಲಗು ನಿಂತ ಹಾಗೆ ಸೇರಿಸಿ. ಮಲಗಿಸಿ ಇಟ್ಟರೆ ಅದರ ಮೇಲೆ ನೀರು ನಿಲ್ಲುತ್ತದೆ. ಮೊದಲು ತೆಳ್ಳಗಿನ ಕಬ್ಬಿಣದ ಪಟ್ಟಿಯಿಂದ ಸಂದು ಮಾಡಿ, ಜರಡಿ ಹಿಡಿದ ಮಣ್ಣಿನ ರಾಡಿ ಸುರಿದು ಸೆನ್ಸರ್ ತಳ್ಳಬೇಕು. ಒಂದು ಮಿ.ಮೀ. ಗಾಳಿ ಉಳಿದರೂ ಅಂಕಿ ಒಣಗಿದ ಕಡೆ ವಾಲುತ್ತದೆ. ಅಡಿಕೆಯ ಬುಡದಿಂದ 45–60 ಸೆಂ.ಮೀ. ದೂರ, ಡ್ರಿಪ್ಪರಿನ ನೇರ ಕೆಳಗೂ ಅಲ್ಲ, ಒದ್ದೆಯಾಗದ ಜಾಗದಲ್ಲೂ ಅಲ್ಲ. ತಗ್ಗಿನ ಬೈಲಿನ ತೋಟ, ನಡುವಿನ ಮಜಲು, ಎತ್ತರದ ಬೆಟ್ಟು ಮೂರೂ ಇದ್ದವರು ಒಂದೇ ಕಡೆ ನೆಟ್ಟು ಮೂರಕ್ಕೂ ಲೆಕ್ಕ ಹಾಕಬಾರದು. ಬೈಲಿನಲ್ಲಿ ಅಂತರ್ಜಲ ಮೇಲೇ ಇರುವುದರಿಂದ ಜನವರಿಯಲ್ಲೂ 60 ಸೆಂ.ಮೀ. ಸೆನ್ಸರ್ ಒದ್ದೆ ತೋರಿಸಬಹುದು; ಬೆಟ್ಟಿನಲ್ಲಿ ಡಿಸೆಂಬರ್‌ಗೇ ಒಣಗಿರುತ್ತದೆ.

ಇಎಸ್‌ಪಿ32 ಎಂಬ ಸಣ್ಣ ಕಂಪ್ಯೂಟರ್ ಬೋರ್ಡಿಗೆ ಜೋಡಿಸುವವರಿಗೆ ಎರಡು ಮಾತು. ವೈಫೈ ಓಡುತ್ತಿರುವಾಗ ವೋಲ್ಟೇಜನ್ನು ಅಂಕಿಯಾಗಿಸುವ ಅದರ ಎರಡನೇ ಭಾಗದ (ಎಡಿಸಿಯ) ಪಿನ್‌ಗಳು ಓದುವುದಿಲ್ಲ, ಮೊದಲನೆಯದರ ಪಿನ್‌ಗಳನ್ನೇ ಬಳಸಿ. ಓದುವಾಗ ಮಾತ್ರ ಸೆನ್ಸರಿಗೆ ವಿದ್ಯುತ್ ಕೊಟ್ಟು, ಹತ್ತಿಪ್ಪತ್ತು ಓದುಗಳ ನಡುವಿನ ಅಂಕಿ ತೆಗೆದುಕೊಳ್ಳಿ. ತಂತಿ ಉದ್ದ ಮಾಡಬೇಡಿ. ಏಪ್ರಿಲ್, ಮೇ ತಿಂಗಳ ಸಿಡಿಲಿಗೆ ತೋಟದಲ್ಲಿ ಹರಡಿದ ಉದ್ದ ತಂತಿಯೇ ಆಹಾರ. ಹತ್ತಿರದಲ್ಲೇ ಬ್ಯಾಟರಿ ಪೆಟ್ಟಿಗೆ ಇಟ್ಟು ರೇಡಿಯೋದಲ್ಲಿ ಕಳಿಸುವುದು ಸುರಕ್ಷಿತ. ಪೆಟ್ಟಿಗೆಯ ತಂತಿ ತೂತು ಕೆಳಮುಖವಾಗಿರಲಿ, ಒಳಗೆ ಸಿಲಿಕಾ ಜೆಲ್ ಇರಲಿ. ತಂತಿಯನ್ನು ಪಿವಿಸಿ ಪೈಪಿನೊಳಗೆ ಎಳೆಯದಿದ್ದರೆ ಹೆಗ್ಗಣ ಬಿಡುವುದಿಲ್ಲ.

ಟೆನ್ಸಿಯೋಮೀಟರ್

ಇದರಲ್ಲಿ ವಿದ್ಯುತ್ತೇ ಇಲ್ಲ. ತುದಿಯಲ್ಲಿ ಸೆರಾಮಿಕ್ ಬಟ್ಟಲು, ಮೇಲೆ ನೀರು ತುಂಬಿದ ಕೊಳವೆ, ತಲೆಗೆ ನಿರ್ವಾತ ಅಳೆಯುವ ಗಡಿಯಾರ. ಮಣ್ಣು ಒಣಗಿದಂತೆ ಬಟ್ಟಲಿನಿಂದ ನೀರು ಎಳೆಯುತ್ತದೆ, ಮುಳ್ಳು ಏರುತ್ತದೆ. ಬೇರಿಗೆ ನೀರೆಳೆಯಲು ಎಷ್ಟು ಕಷ್ಟ ಎಂಬುದನ್ನೇ ಇದು ನೇರವಾಗಿ ಹೇಳುವುದರಿಂದ ಮಣ್ಣಿಗೆ ತಕ್ಕ ಗ್ರಾಫ್ ಬೇಡ, ಗೊಬ್ಬರದ ಉಪ್ಪು ಅಡ್ಡ ಬರುವುದಿಲ್ಲ. 0–10 ಕಿಲೋಪಾಸ್ಕಲ್ (ಎಳೆತದ ಅಳತೆ) ಎಂದರೆ ನೀರು ತುಂಬಿದೆ; 10–30 ಹದ; 30 ದಾಟಿ 60ರ ಒಳಗೆ ನೀರು ಬಿಡುವ ಹೊತ್ತು. ಬೇಗ ಬಸಿಯುವ ಮುರಮಣ್ಣಿನಲ್ಲಿ 30–40ಕ್ಕೇ ಬಿಡುವುದು ಒಳ್ಳೆಯದು ಎಂಬುದು ನಮ್ಮ ಅಭಿಪ್ರಾಯ. ಕೊಳವೆಯ ನೀರಿನ ಭಾರದಿಂದ ಪ್ರತಿ 10 ಸೆಂ.ಮೀ.ಗೆ 1 ಕಿಲೋಪಾಸ್ಕಲ್ ಹೆಚ್ಚು ತೋರಿಸುತ್ತದೆ, 60 ಸೆಂ.ಮೀ. ಉದ್ದದ್ದಕ್ಕೆ 6 ಕಳೆಯಿರಿ.

ದೌರ್ಬಲ್ಯ ಒಂದೇ, ಆದರೆ ದೊಡ್ಡದು. 80–85 ಕಿಲೋಪಾಸ್ಕಲ್ ದಾಟಿದರೆ ಒಳಗೆ ಗಾಳಿ ಸೇರಿ ಮುಳ್ಳು ದಿಢೀರ್ ಸೊನ್ನೆಗೆ ಬೀಳುತ್ತದೆ. ನೀರು ಹಾಯಿಸದ ಬೆಟ್ಟಿನಲ್ಲಿ ಮಾರ್ಚ್ ತಿಂಗಳಲ್ಲಿ ಇದು ಖಂಡಿತ. ಸೊನ್ನೆ ನೋಡಿ ‘ನೆಲ ಒದ್ದೆ ಇದೆ’ ಎಂದು ತಿಳಿದವರ ಗಿಡ ಒಣಗುತ್ತದೆ. ಕೊಳವೆಯಲ್ಲಿ ನೀರಿನ ಮಟ್ಟ ಇಳಿದಿದೆಯೇ ಎಂದು ನೋಡಿದರೆ ಸತ್ಯ ಗೊತ್ತಾಗುತ್ತದೆ. ನೆಡುವ ಮೊದಲು ಬಟ್ಟಲನ್ನು ಒಂದು ರಾತ್ರಿ ನೀರಿನಲ್ಲಿ ನೆನೆಹಾಕಿ, ಕುದಿಸಿ ಆರಿಸಿದ ನೀರನ್ನೇ ತುಂಬಿಸಿ. ನಲ್ಲಿ ನೀರಿನಲ್ಲಿ ಕರಗಿದ ಗಾಳಿ ಗುಳ್ಳೆಯಾಗುತ್ತದೆ. ಬಟ್ಟಲಿನ ಸುತ್ತ ಮಣ್ಣಿನ ರಾಡಿ ತುಂಬಿ, ಮೇಲೆ ಸುತ್ತಲೂ ಮಣ್ಣು ಒತ್ತಿ ದಿಬ್ಬ ಮಾಡಿ. ಇಲ್ಲದಿದ್ದರೆ ಮಳೆ ನೀರು ಕೊಳವೆಯ ಪಕ್ಕದಲ್ಲೇ ಇಳಿದು ಬಟ್ಟಲನ್ನು ತೋಯಿಸುತ್ತದೆ. ಕಲ್ಲಿಗೆ ತಾಗಿದರೆ ಸೆರಾಮಿಕ್ ಒಡೆಯುತ್ತದೆ, ಬದಲಿ ಬಟ್ಟಲು ಬಿಡಿಯಾಗಿ ಸಿಗುತ್ತದೆಯೇ ಎಂದು ಕೊಳ್ಳುವಾಗಲೇ ಕೇಳಿ.

ಓದಲು ಬಾರದವರೂ ಬಳಸಬಹುದಾದ ಇನ್ನೊಂದು ಸಾಧನ ಕೊಯಮತ್ತೂರಿನ ಕಬ್ಬು ತಳಿ ಸಂಶೋಧನಾ ಸಂಸ್ಥೆ ರೂಪಿಸಿದ ಬಣ್ಣದ ದೀಪದ ಸೂಚಕ. ನೆಲಕ್ಕೆ ಚುಚ್ಚಿದರೆ ನೀಲಿಯಿಂದ ಕೆಂಪಿನ ತನಕ ನಾಲ್ಕು ಬಣ್ಣಗಳಲ್ಲಿ ನೀರು ಬೇಕೋ ಬೇಡವೋ ಹೇಳುತ್ತದೆ. ಗದ್ದೆ, ತೆಂಗಿನ ಕಟ್ಟೆಯಂಥ ಮೆದು ಮಣ್ಣಿಗೆ ಹೊಂದುತ್ತದೆ. ಮುರ ತುಂಬಿದ ನೆಲದಲ್ಲಿ ಮೊದಲು ತೂತು ಮಾಡಿಕೊಳ್ಳಬೇಕಾಗುತ್ತದೆ.

‘ಮಳೆ ಮುನ್ಸೂಚನೆ’ಯ ಕಿಟ್

ಈ ಕಿಟ್‌ಗಳ ಪೆಟ್ಟಿಗೆ ಬಿಚ್ಚಿದರೆ ಸಾಮಾನ್ಯವಾಗಿ ಸಿಗುವುದು ಒಂದು ತೇವದ ಸೆನ್ಸರ್, ಗಾಳಿಯ ಆರ್ದ್ರತೆ ಅಳೆಯುವ ನೀಲಿ ಬಣ್ಣದ ಡಿಎಚ್‌ಟಿ11, ಒತ್ತಡ ಅಳೆಯುವ ಬಿಎಂಪಿ280. ಡಿಎಚ್‌ಟಿ11 ಆರ್ದ್ರತೆಯಲ್ಲಿ 5 ಶೇಕಡಾ ಆಚೀಚೆ ತೋರಿಸುವ ಭಾಗ, 90ರ ಮೇಲೆ ಅದನ್ನು ನಂಬಲಾಗದು. ಮಂಗಳೂರಿನ ಮಳೆಗಾಲದ ಗಾಳಿ ವಾರಗಟ್ಟಲೆ ಆ ಮಟ್ಟದಲ್ಲೇ ಇರುತ್ತದೆ. ಒತ್ತಡದ ಕಥೆ ಇನ್ನೂ ಗಂಭೀರ. ನಮ್ಮ ಅಕ್ಷಾಂಶದಲ್ಲಿ ವಾಯುಭಾರ ಪ್ರತಿದಿನ ಬೆಳಿಗ್ಗೆ ಮತ್ತು ರಾತ್ರಿ 10ರ ಸುಮಾರಿಗೆ ಏರಿ, ಸಂಜೆ ಮತ್ತು ನಸುಕಿನ 4ರ ಸುಮಾರಿಗೆ ಇಳಿಯುತ್ತದೆ. ಮೋಡವಿರಲಿ, ಬಿಸಿಲಿರಲಿ, ಹಗಲಿನ ಏರಿಳಿತ ಸುಮಾರು 3 ಹೆಕ್ಟೋಪಾಸ್ಕಲ್. ತಂಪು ದೇಶಗಳಿಗಾಗಿ ಬರೆದ ‘ಒತ್ತಡ ಇಳಿದರೆ ಮಳೆ’ ಎಂಬ ಸೂತ್ರ ಇಲ್ಲಿ ದಿನಾ ಸಂಜೆ ಮಳೆಯ ಚಿತ್ರ ತೋರಿಸುತ್ತದೆ. ಅದಕ್ಕೆ ಮಣ್ಣಿನ ತೇವವನ್ನೂ ಸೇರಿಸಿ ‘ಸ್ಥಳೀಯ ಮುನ್ಸೂಚನೆ’ ಎಂದರೆ ಲೆಕ್ಕ ಸರಿಯಾಗುವುದಿಲ್ಲ.

ನೆಲದ ತೇವ ಮಳೆಯನ್ನು ಬದಲಿಸುವುದು ಹೇಗೆ ಎಂದು ನೋಡಿದರೆ ಇದು ಇನ್ನಷ್ಟು ಸ್ಪಷ್ಟ. 1 ಮಿ.ಮೀ. ನೀರು ಆವಿಯಾಗಲು ಪ್ರತಿ ಚದರ ಮೀಟರಿಗೆ ಸುಮಾರು 2.45 ಮೆಗಾಜೂಲ್ ಶಾಖ ಬೇಕು. ಒದ್ದೆ ನೆಲ, ಹಸಿರು ಗಿಡ ದಿನಕ್ಕೆ 5 ಮಿ.ಮೀ. ಆವಿ ಬಿಟ್ಟರೆ 12 ಮೆಗಾಜೂಲ್ ಅದಕ್ಕೇ ಹೋಯಿತು. ಏಪ್ರಿಲ್‌ನ ಶುಭ್ರ ದಿನದ ಬಿಸಿಲಿನಲ್ಲಿ ಸುಮಾರು ಅರ್ಧ. ನೆಲ ಒಣಗಿದ್ದರೆ ಆ ಶಾಖವೆಲ್ಲ ಗಾಳಿಯನ್ನು ಕಾಯಿಸಲು ಹೋಗುತ್ತದೆ. ಆಗ ಗಾಳಿ ಹೆಚ್ಚು ಎತ್ತರಕ್ಕೆ ಕದಡುತ್ತದೆ, ಆದರೆ ಅದರಲ್ಲಿ ಪಸೆ ಕಡಿಮೆ. ಮೋಡದ ಅಡಿ ಎಷ್ಟು ಎತ್ತರ ಎಂದು ಅಂದಾಜಿಸಲು ಉಷ್ಣತೆಯಿಂದ ಇಬ್ಬನಿ ಬಿಂದುವನ್ನು (ಗಾಳಿಯ ಪಸೆ ಇಬ್ಬನಿಯಾಗತೊಡಗುವ ಉಷ್ಣತೆಯನ್ನು) ಕಳೆದು 125 ಮೀಟರಿನಿಂದ ಗುಣಿಸಿದರೆ ಸಾಕು. ಕಡಲ ಕರೆಯಲ್ಲಿ 33 ಡಿಗ್ರಿ, ಇಬ್ಬನಿ ಬಿಂದು 26 ಇದ್ದರೆ 875 ಮೀಟರ್. ಘಟ್ಟದಾಚೆ ಬಯಲುಸೀಮೆಯಲ್ಲಿ 37 ಡಿಗ್ರಿ, ಇಬ್ಬನಿ ಬಿಂದು 17 ಇದ್ದರೆ 2,500 ಮೀಟರ್. ಅಷ್ಟು ಎತ್ತರದಿಂದ ಬೀಳುವ ಹನಿಯಲ್ಲಿ ಒಂದಷ್ಟು ದಾರಿಯಲ್ಲೇ ಆರಿಹೋಗಿ, ಗಾಳಿ ಗುಡುಗಷ್ಟೇ ನೆಲ ಮುಟ್ಟುತ್ತದೆ.

ಹಾಗಾದರೆ ಒದ್ದೆ ನೆಲಕ್ಕೆ ಹೆಚ್ಚು ಮಳೆ, ಒಣ ನೆಲಕ್ಕೆ ಕಡಿಮೆ ಎಂದು ಮುಗಿಸಬಹುದೇ? ಇಲ್ಲ. 2004ರಲ್ಲಿ ವಿಜ್ಞಾನಿ ರ್‍ಯಾಂಡಲ್ ಕೋಸ್ಟರ್ ಮತ್ತು ಸಂಗಡಿಗರು ಹನ್ನೆರಡು ಕಂಪ್ಯೂಟರ್ ಹವಾಮಾನ ಮಾದರಿಗಳನ್ನು ಹೋಲಿಸಿ, ಜೂನ್‌ನಿಂದ ಆಗಸ್ಟ್ ನಡುವೆ ನೆಲದ ತೇವ ಮಳೆಯ ಮೇಲೆ ಗಟ್ಟಿ ಹಿಡಿತ ಇಟ್ಟುಕೊಂಡ ಪ್ರದೇಶಗಳನ್ನು ಗುರುತಿಸಿದರು: ಅಮೆರಿಕದ ಮಧ್ಯ ಬಯಲು, ಆಫ್ರಿಕದಲ್ಲಿ ಸಹಾರಾ ಮರುಭೂಮಿಯ ದಕ್ಷಿಣದ ಸಾಹೆಲ್, ಮತ್ತು ಭಾರತ. ಎಲ್ಲವೂ ತೀರಾ ಒಣಗಿಲ್ಲದ, ತೀರಾ ಒದ್ದೆಯೂ ಅಲ್ಲದ ನೆಲಗಳು. 2012ರಲ್ಲಿ ಕ್ರಿಸ್ಟೋಫರ್ ಟೇಲರ್ ತಂಡ ಉಪಗ್ರಹದ ದಾಖಲೆಗಳನ್ನು ನೋಡಿ ಬೇರೆಯದನ್ನೇ ಕಂಡಿತು: ಮಧ್ಯಾಹ್ನದ ಮಳೆ ಬೀಳುವುದು ಸುತ್ತಲಿಗಿಂತ ಒಣಗಿದ ತುಂಡಿನ ಮೇಲೆ ಹೆಚ್ಚು, ಮಾದರಿಗಳು ಹೇಳುವುದಕ್ಕೆ ತದ್ವಿರುದ್ಧ. ಎರಡೂ ಒಟ್ಟಿಗೆ ನಿಜವಾಗಬಹುದು. ಇಡೀ ಪ್ರದೇಶ ಒದ್ದೆ ಇದ್ದರೆ ಗಾಳಿಗೆ ಒಟ್ಟಾರೆ ಪಸೆ ಹೆಚ್ಚು ಸಿಗುತ್ತದೆ. ಆ ಪ್ರದೇಶದೊಳಗೆ ಒಣ ತುಂಡು ಬೇಗ ಕಾದು ಗಾಳಿಯನ್ನು ಮೇಲೆತ್ತುತ್ತದೆ, ಪಕ್ಕದ ಒದ್ದೆ ನೆಲದಿಂದ ಪಸೆಯ ಗಾಳಿ ಅಲ್ಲಿಗೆ ನುಗ್ಗುತ್ತದೆ, ಮೋಡ ಕಟ್ಟುವುದು ಆ ಗಡಿಯಲ್ಲಿ. ನಮ್ಮ ಕಡಲಗಾಳಿ ಹುಟ್ಟುವುದೂ ಇದೇ ರೀತಿಯಲ್ಲಿ, ಒದ್ದೆ ನೆಲದ ಜಾಗದಲ್ಲಿ ಕಡಲು ಇದೆ ಅಷ್ಟೇ. ಸಾಹೆಲ್‌ನಲ್ಲಿ ಇಂಥ ತುಂಡುಗಳ ಅಳತೆ ಹತ್ತಾರು ಕಿಲೋಮೀಟರ್.

ಈಗ ಒಂದು ಎಕರೆ ಅಡಿಕೆ ತೋಟವನ್ನು ಇದರ ಪಕ್ಕದಲ್ಲಿಡಿ. 2.7 ಮೀಟರ್ ಅಂತರದಲ್ಲಿ ಸುಮಾರು 550 ಮರ. ಸಿಪಿಸಿಆರ್‌ಐ (ತೋಟದ ಬೆಳೆಗಳ ಕೇಂದ್ರೀಯ ಸಂಶೋಧನಾ ಸಂಸ್ಥೆ) ಹೇಳುವ ಹಾಗೆ ಡ್ರಿಪ್‌ನಲ್ಲಿ ಮರಕ್ಕೆ ದಿನಕ್ಕೆ 16–20 ಲೀಟರ್ ಬಿಟ್ಟರೆ ಹೆಚ್ಚೆಂದರೆ 11,000 ಲೀಟರ್, ಅಂದರೆ 2.7 ಮಿ.ಮೀ. ಅದಷ್ಟೂ ಆವಿಯಾದರೂ, ಸೆಕೆಂಡಿಗೆ 5 ಮೀಟರ್ ಬೀಸುವ ಕಡಲಗಾಳಿ ಆ ಎಕರೆಯನ್ನು 13 ಸೆಕೆಂಡಿನಲ್ಲಿ ದಾಟುತ್ತದೆ. ಅಷ್ಟರಲ್ಲಿ ಆ ಗಾಳಿಗೆ ಸೇರುವ ಪಸೆ ಕಡಲಿನಿಂದ ಹೊತ್ತು ತಂದದ್ದರ ಮುಂದೆ ಲೆಕ್ಕಕ್ಕೇ ಇಲ್ಲ. ಒಂದು ತೋಟದ ಸೆನ್ಸರ್ ಆ ಊರಿನ ಮಳೆಯನ್ನು ಹೇಳಲಾರದು ಎಂದು ಮೊದಲೇ ಹೇಳಿದ್ದು ಇದಕ್ಕೇ.

ಭಾರತ ಕೋಸ್ಟರ್ ಅವರ ಪಟ್ಟಿಯಲ್ಲಿದ್ದರೂ ಕರಾವಳಿಯ ಮಳೆಗಾಲಕ್ಕೆ ಅದು ಅನ್ವಯಿಸುವುದಿಲ್ಲ. ವರ್ಷಕ್ಕೆ ಬೀಳುವ ಮೂರೂವರೆ, ನಾಲ್ಕು ಸಾವಿರ ಮಿ.ಮೀ.ನಲ್ಲಿ ನೂರಕ್ಕೆ ಎಂಬತ್ತರಷ್ಟು ಜೂನ್–ಸೆಪ್ಟೆಂಬರ್‌ನದು. ಅದು ಅರಬ್ಬೀ ಸಮುದ್ರದ ಪಸೆ ಘಟ್ಟಕ್ಕೆ ಬಡಿದು ಸುರಿಯುವುದು. ತುಳುವಿನ ಕಾರ್ತೆಲ್ ತಿಂಗಳು (ಜೂನ್–ಜುಲೈ) ಮುಗಿಯುವುದರೊಳಗೆ ನೆಲ ತುಂಬಿಹೋಗಿರುತ್ತದೆ. ಆವಿಯಾಗುವುದಕ್ಕೆ ತಡೆ ಮೋಡವೇ ಹೊರತು ಮಣ್ಣಲ್ಲ. ನೆಲಕ್ಕೆ ಮಾತಾಡುವ ಅವಕಾಶ ಸಿಗುವುದು ಪಗ್ಗು, ಬೇಶ ತಿಂಗಳ (ಏಪ್ರಿಲ್ ಮಧ್ಯದಿಂದ ಜೂನ್ ಮಧ್ಯದ) ಗುಡುಗು ಮಳೆಯಲ್ಲಿ. ಮಧ್ಯಾಹ್ನ ಘಟ್ಟದ ಮೇಲೆ, ಕಾದ ಇಳಿಜಾರು ಮತ್ತು ಕಡಲಗಾಳಿ ಸೇರುವಲ್ಲಿ ಮೋಡ ಕಟ್ಟಿ, ಮೇಲಿನ ಮೂಡುಗಾಳಿಗೆ ಸಂಜೆ ಕರಾವಳಿಗೆ ಇಳಿಯುವ ಮಳೆ ಅದು. ಅಲ್ಲಿ ಲೆಕ್ಕಕ್ಕೆ ಬರುವುದು ಘಟ್ಟದಾಚೆಯ ವಿಶಾಲ ನೆಲ ಎಷ್ಟು ಒಣಗಿದೆ, ಎಲ್ಲಿ ಒಂದು ಮಳೆ ಬಿದ್ದು ಒದ್ದೆಯಾಗಿದೆ ಎಂಬುದು. ಉತ್ತರ ಮತ್ತು ಈಶಾನ್ಯ ಭಾರತದಲ್ಲಿ ಮಳೆಗಾಲದ ಕೊನೆಯಲ್ಲಿ, ನೆಲ ತೊಯ್ದು ಹಸಿರು ಹಬ್ಬಿದ ಮೇಲೆ, ಅಲ್ಲಿಯದೇ ಆವಿ ಮತ್ತೆ ಮಳೆಯಾಗುವ ಪಾಲು ಏರುತ್ತದೆ. ಬಂಗಾಳ ಕೊಲ್ಲಿಯಿಂದ ಬರುವ ವಾಯುಭಾರ ಕುಸಿತ ಒದ್ದೆ ನೆಲದ ಮೇಲೆ ಹೆಚ್ಚು ಕಾಲ ಜೀವ ಹಿಡಿಯುವುದಕ್ಕೂ ಇದೇ ತೇವ ಆಸರೆ.

ಉಪಗ್ರಹ ನಕ್ಷೆ

ವಿಶಾಲ ನೆಲದ ತೇವ ನೋಡಲು ಉಪಗ್ರಹವೇ ಬೇಕು. 2009ರ ನವೆಂಬರ್‌ನಲ್ಲಿ ಹಾರಿದ ಯುರೋಪಿನ ಸ್ಮಾಸ್, 2015ರ ಜನವರಿ 31ರಂದು ಹಾರಿದ ನಾಸಾದ ಸ್ಮ್ಯಾಪ್, ಎರಡೂ ನೆಲ ಹೊಮ್ಮಿಸುವ ಎಲ್ ಬ್ಯಾಂಡ್ ಎಂಬ ಮೈಕ್ರೋವೇವ್ ಅಲೆಯನ್ನು ಓದುತ್ತವೆ. ಸ್ಮ್ಯಾಪ್‌ನ ರೇಡಾರ್ ಅದೇ ವರ್ಷದ ಜುಲೈನಲ್ಲಿ ಕೆಟ್ಟಿತು, ಆ ಅಲೆ ಓದುವ ರೇಡಿಯೋಮೀಟರ್ ಉಳಿಯಿತು. ಎರಡು ಮೂರು ದಿನಕ್ಕೊಮ್ಮೆ ನಕ್ಷೆ ಸಿಗುತ್ತದೆ, ಮೂಲ ಅಳತೆ ಸುಮಾರು 36 ಕಿ.ಮೀ., ಸಂಸ್ಕರಿಸಿದ್ದು 9 ಕಿ.ಮೀ. ಚೌಕಗಳಲ್ಲಿ.

ಚಿತ್ರದುರ್ಗ, ಬಳ್ಳಾರಿಯ ಕಡೆಯ ಬಯಲಿಗೆ ಇದು ಒಳ್ಳೆಯ ಸೇವೆ, ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುತ್ತೇವೆ. ಕರಾವಳಿಗೆ ಅಲ್ಲ. ಕಡಲಿನಿಂದ ಘಟ್ಟದ ಬುಡಕ್ಕೆ ಇರುವ ಅಗಲವೇ ಒಂದೆರಡು ಮೂಲ ಚೌಕದಷ್ಟು. ಒಂದು ಚೌಕದಲ್ಲಿ ಅರ್ಧ ಸಮುದ್ರ, ಇನ್ನೊಂದರಲ್ಲಿ ದಟ್ಟ ಕಾಡು. ಮೊದಲನೆಯದು ನೆಲವನ್ನು ಸುಳ್ಳಾಗಿ ಒದ್ದೆ ಮಾಡುತ್ತದೆ, ಎರಡನೆಯದು ನೆಲದ ಅಲೆಯನ್ನು ಮರೆಮಾಡುತ್ತದೆ. ಅದೂ ಮೇಲಿನ 5 ಸೆಂ.ಮೀ. ಮಾತ್ರ, ಅಡಿಕೆಯ ಬೇರು ಇರುವುದು ಅದರ ಕೆಳಗೆ. 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿದ ನಾಸಾ–ಇಸ್ರೋ ಉಪಗ್ರಹ ನಿಸಾರ್ ಎಲ್ ಮತ್ತು ಎಸ್ ಎರಡೂ ಬ್ಯಾಂಡಿನ ರೇಡಾರ್ ಹೊತ್ತಿದೆ, 12 ದಿನಕ್ಕೊಮ್ಮೆ ಅದೇ ದಾರಿಯಲ್ಲಿ ಬರುತ್ತದೆ. ತುಂಡು ತುಂಡು ಹಿಡುವಳಿಯ ನಮ್ಮ ನಾಡಿಗೆ ಹೊಂದುವ ಸೂಕ್ಷ್ಮತೆ ಅದರದ್ದು.

ಮುನ್ಸೂಚನೆ ಸೆನ್ಸರಿನಿಂದಲ್ಲ, ಮುನ್ಸೂಚನೆಗೆ ಸೆನ್ಸರ್

ಮಳೆ ಬರುತ್ತದೆಯೇ ಎಂದು ತಿಳಿಯಲು ಹವಾಮಾನ ಇಲಾಖೆಯ ಮುನ್ಸೂಚನೆ, ಮೇಘದೂತ್ ಆ್ಯಪ್ ನೋಡಿ; ಸಿಡಿಲಿಗೆ ದಾಮಿನಿ ಇದೆ. ಬರುವ ಮಳೆ ಸಾಕೇ ಎಂದು ತಿಳಿಯಲು ಸೆನ್ಸರ್ ಬೇಕು, ಆ ಕೆಲಸವನ್ನು ಅದು ಚೆನ್ನಾಗಿ ಮಾಡುತ್ತದೆ. ದೊಡ್ಡ ಮಳೆ ನಿಂತು ಎರಡು ದಿನ ಬಸಿದ ಮೇಲೆ ಬರುವ ಅಂಕಿಯನ್ನು ಬರೆದಿಡಿ, ಅದೇ ನಿಮ್ಮ ನೆಲದ ಪೂರ್ಣ ಹದ. ಅದು 28 ಶೇಕಡಾ ಇದ್ದು, ಮೇ ತಿಂಗಳಲ್ಲಿ ಈಗ 16 ಇದೆ ಎನ್ನಿ. ಕೊರತೆ 12 ಶೇಕಡಾ, 60 ಸೆಂ.ಮೀ. ಆಳಕ್ಕೆ 72 ಮಿ.ಮೀ. ಮೇ ಕೊನೆಯ ವಾರದ ಪತ್ತನಾಜೆಯ ಹೊತ್ತಿಗೆ 20 ಮಿ.ಮೀ. ಮಳೆ ಬಿದ್ದರೆ ಅದು ತುಂಬುವುದು ಮೇಲಿನ 17 ಸೆಂ.ಮೀ. ಮಾತ್ರ, ಅದರಲ್ಲೂ ಸೋಗೆ, ಎಲೆ, ತರಗೆಲೆ ಹೊದಿಕೆ ಒಂದಷ್ಟನ್ನು ಹಿಡಿದಿಟ್ಟುಕೊಳ್ಳುತ್ತದೆ. ಅಂಗಳ ಒದ್ದೆಯಾಯಿತೆಂದು ಡ್ರಿಪ್ ನಿಲ್ಲಿಸಿದರೆ 30 ಸೆಂ.ಮೀ. ಕೆಳಗಿನ ಬೇರು ಬಾಯಾರಿಯೇ ಇರುತ್ತದೆ. 30ರ ಸೆನ್ಸರ್ ಏರಿ, ನಂತರ 60ರದ್ದೂ ಏರಿದ ಮೇಲೆ ಪಂಪ್ ನಿಲ್ಲಿಸಿ. ಬಾವಿ, ಕಟ್ಟದ ನೀರು ತಳ ಕಾಣುವ ಬೇಸಿಗೆಯಲ್ಲಿ, 2019ರ ಮೇ ತಿಂಗಳಲ್ಲಿ ಉಡುಪಿಗೆ ನೀರು ಕೊಡುವ ಬಜೆ ಅಣೆಕಟ್ಟು ಬತ್ತಿದಂಥ ವರ್ಷಗಳಲ್ಲಿ, ಈ ಲೆಕ್ಕ ಪ್ರತಿ ಬಕೆಟ್ ನೀರಿಗೂ ಬೆಲೆ ಕೊಡುತ್ತದೆ.

ಇದಕ್ಕೆ ಮಳೆಯ ಅಳತೆ ಸರಿಯಾಗಿರಬೇಕು. ಗುರುತು ಹಾಕಿದ ಸಾದಾ ಮಳೆಮಾಪಕವನ್ನು ಬಯಲಿನಲ್ಲಿ ಇಟ್ಟು, ಇಲಾಖೆಯ ಕ್ರಮದಂತೆ ಬೆಳಿಗ್ಗೆ 8.30ಕ್ಕೆ ಓದುವುದೇ ಒಳ್ಳೆಯದು. ಕಿಟ್‌ನ ಟಿಪ್ಪಿಂಗ್ ಬಕೆಟ್ ಆಟಿಯ (ಜುಲೈ–ಆಗಸ್ಟ್) ಜಡಿಮಳೆಯಲ್ಲಿ ಕಡಿಮೆ ಎಣಿಸುತ್ತದೆ, ಬಟ್ಟಲು ಮಗುಚುವ ಕ್ಷಣದಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗುವುದಿಲ್ಲ. ಜೇಡ ಬಲೆ ಕಟ್ಟಿದರೆ ಅದೂ ಇಲ್ಲ.

ಮಳೆಗಾಲದಲ್ಲಿ ಸೆನ್ಸರ್ ಕಿತ್ತು ಒಳಗಿಡುವವರು ಅದರ ಅರ್ಧ ಉಪಯೋಗ ಕಳೆದುಕೊಳ್ಳುತ್ತಾರೆ. ಮಳೆ ಬಿಟ್ಟು ಎರಡು ದಿನವಾದರೂ 60 ಸೆಂ.ಮೀ. ಅಂಕಿ ಇಳಿಯದಿದ್ದರೆ ಆ ಸಾಲಿನ ಬಸಿಗಾಲುವೆ (ಕಣಿ) ಎಲ್ಲೋ ಕಟ್ಟಿಕೊಂಡಿದೆ. ಬೇರು ಕೊಳೆಯುವ ಮೊದಲೇ ಬಿಡಿಸಬಹುದು. ಅಕ್ಟೋಬರ್ ಕೊನೆಯಲ್ಲಿ ಒಂದೊಂದನ್ನೇ ತೆಗೆದು ತೊಳೆದು, 20 ಶೇಕಡಾ ಡಬ್ಬಿಯಲ್ಲಿ ಮತ್ತೆ ಓದಿ ನೋಡಿ. ಹಳೆಯ ಗ್ರಾಫಿಗಿಂತ 3 ಶೇಕಡಾಕ್ಕಿಂತ ಹೆಚ್ಚು ಸರಿದಿದ್ದರೆ ಅಂಚಿನಲ್ಲಿ ನೀರು ಹೊಕ್ಕಿದೆ ಎಂದೇ ಲೆಕ್ಕ, ಅದನ್ನು ಬಿಸಾಡಿ ಹೊಸದನ್ನು ಸೀಲ್ ಮಾಡಿ ನೆಡಿ.